ಗಂಧೋದಕ ಬರುವ ತನಕ

ಮೊನ್ನೆ ಕೊಲ್ಹಾಪುರದ ಬಸ್ ಸ್ಟ್ಯಾಂಡಿನ ಎದುರು ಮೊಮ್ಮಗ ಒಂದು ಕಪ್ ಚಹಾ ತಂದು ಕೈಗಿಟ್ಟ. ಬೆಲ್ಲದ ಚಹಾ, ಶುಂಠಿ ಜಜ್ಜಿ ಹಾಕಿದ್ದು. ಈಗ ಅದೇ ದೊಡ್ಡ ಆರೋಗ್ಯವಂತೆ. ಅಂಗಡಿಯವನು ಬೋರ್ಡು ಬೇರೆ ತೂಗುಹಾಕಿದ್ದಾನೆ. ಮೂಗಿನ ಹತ್ತಿರ ತಂದೆ, ಅಷ್ಟೇ. ಕಪ್ಪನ್ನು ಹಾಗೆಯೇ ರಸ್ತೆಯ ಬದಿಗೆ ಸುರಿದುಬಿಟ್ಟೆ. "ಯಾಕ ಆಯೀ, ಏನಾತು?" ಎಂದು ಅವನು ಗಾಬರಿಯಾದ. ಬಿಸಿ ಇತ್ತು ಎಂದೆ. ಎಂಬತ್ತು ದಾಟಿದ ಮುದುಕಿಯೊಬ್ಬಳು, ಸತ್ತು ಎಷ್ಟೋ ಕಾಲವಾದ ಇನ್ನೊಬ್ಬ ಮುದುಕಿಯ ಮೇಲಿನ ಸಿಟ್ಟಿಗೆ ಚಹಾ ಚೆಲ್ಲಿದಳು ಎಂದು ಆ ಹುಡುಗನಿಗೆ ಹೇಗೆ ಹೇಳಲಿ?

ಆ ವಾಸನೆ ದೊಡ್ಡವ್ವನದು. ನಮ್ಮಪ್ಪನ ಅಣ್ಣನ ಹೆಂಡತಿ, ಇಚಲಕರಂಜಿಯ ನಮ್ಮ ಕೂಡುಮನೆಯ ಹಿರಿಯ ಸೊಸೆ. ಹೋದವರನ್ನು ಆಡಿಕೊಳ್ಳಬಾರದು ಎಂದು ನನ್ನ ಸೊಸೆ ಬುದ್ಧಿ ಹೇಳುತ್ತಾಳೆ. ಅವಳು ಆ ಮನೆಯಲ್ಲಿ ಬೆಳೆದವಳಲ್ಲ. ನಾನು ಬೆಳೆದವಳು, ನಾನು ಆಡಿಕೊಳ್ಳುತ್ತೇನೆ.

ನಮ್ಮದು ಜೈನರ ಮನೆ. ಪೇಟೆಯಲ್ಲಿ ನೂಲಿನ ಅಂಗಡಿ, ಹಾತಕಣಂಗಲೆಯ ಕಡೆ ಕಬ್ಬಿನ ಹೊಲ, ಹೊಲದಲ್ಲೇ ಗಾಣ. ಹೀಗಾಗಿ ಮನೆಯಲ್ಲಿ ಬೆಲ್ಲಕ್ಕೆ ಬರವಿರಲಿಲ್ಲ. ಅಡುಗೆಮನೆಯ ಪಕ್ಕದ ಕತ್ತಲೆಯ ಕೋಣೆಯಲ್ಲಿ ಬೆಲ್ಲದ ದೊಡ್ಡ ದೊಡ್ಡ ಪೆಂಟಿಗಳು ಗೋಣಿತಟ್ಟು ಹೊದ್ದು ಕುಳಿತಿರುತ್ತಿದ್ದವು. ಆ ಕೋಣೆಯ ಕೀಲಿ ದೊಡ್ಡವ್ವನ ಸೊಂಟದಲ್ಲಿ. ಅವಳು ನಡೆದರೆ ಕೀಲಿಗೊಂಚಲು ಮೊದಲು ಕೇಳುತ್ತಿತ್ತು, ಆಮೇಲೆ ಅವಳ ಒಣ ಕೆಮ್ಮು, ಆಮೇಲೆ ಅವಳು. ಉದ್ದ ಮೈ, ಕಡೆದಿಟ್ಟ ಹಾಗೆ ನೇರ ಬೆನ್ನು, ಎಡಗಡೆ ಮೂಗುಬೊಟ್ಟು, ಮೇಲ್ದುಟಿಯ ಮೇಲೆ ಒಂದು ಕಪ್ಪು ಮಚ್ಚೆ. ಸಿಟ್ಟು ಬಂದಾಗ ಆ ಮಚ್ಚೆ ಅದುರುತ್ತಿತ್ತು. ನಮಗೆ ಮಕ್ಕಳಿಗೆ ಅದೇ ಗುರುತು. ಮಚ್ಚೆ ಅದುರಿತೆಂದರೆ ಓಡಬೇಕು.

ಹೊತ್ತು ಮುಳುಗುವ ಮೊದಲೇ ನಮ್ಮಲ್ಲಿ ಊಟ ಮುಗಿಯಬೇಕು. ಆಮೇಲೆ ಬಾಯಿಗೆ ಏನೂ ಇಲ್ಲ. ಇದು ಎಲ್ಲ ಜೈನರ ಮನೆಯ ನೇಮ, ಅದರ ಮೇಲೆ ನನ್ನ ತಕರಾರಿಲ್ಲ, ಈಗಲೂ ನಾನು ಹಾಗೆಯೇ ಉಣ್ಣುತ್ತೇನೆ. ಬೆಳಿಗ್ಗೆ ಬಸದಿಯಲ್ಲಿ ದೇವರಿಗೆ ಅಭಿಷೇಕವಾಗುತ್ತದೆ. ಆ ಅಭಿಷೇಕದ ನೀರೇ ಗಂಧೋದಕ. ಅದು ಪುಟ್ಟ ತಂಬಿಗೆಯಲ್ಲಿ ಮನೆಗೆ ಬಂದು, ಹಣೆಗೆ ಕಣ್ಣಿಗೆ ಹಚ್ಚಿಕೊಂಡ ಮೇಲೆಯೇ ಹೆಂಗಸರು ಬಾಯಿಗೆ ತುತ್ತು ಹಾಕಬೇಕು. ಗಂಡಸರು ತಾವೇ ಬಸದಿಗೆ ಹೋಗಿ ಬಂದು, ತಿಂದು, ಪೇಟೆಯ ದಾರಿ ಹಿಡಿಯುತ್ತಿದ್ದರು. ಮಕ್ಕಳಿಗೆ ನೇಮವಿರಲಿಲ್ಲ. ಕಾಯುವ ಕೆಲಸ ಹೆಂಗಸರದು.

ಗಂಧೋದಕ ತರುವವಳು ದೊಡ್ಡವ್ವ.

ಬಸದಿ ದೂರವಿರಲಿಲ್ಲ. ನಮ್ಮ ಬಾಗಿಲಲ್ಲಿ ನಿಂತರೆ ಅದರ ಶಿಖರ ಕಾಣುತ್ತಿತ್ತು, ಗಂಟೆ ಕೇಳುತ್ತಿತ್ತು. ಆದರೆ ದೊಡ್ಡವ್ವನಿಗೆ ಮನೆಗೆ ಬರುವ ದಾರಿ ಮಾತ್ರ ಭಾಳ ಉದ್ದ. ಪೂಜೆ ಮುಗಿದ ಮೇಲೆ ಬಸದಿಯ ಕಟ್ಟೆ, ಆಮೇಲೆ ಓಣಿಯ ಒಬ್ಬೊಬ್ಬರ ಪಡಸಾಲೆ. ಯಾರ ಮಗಳಿಗೆ ವರ ಗೊತ್ತಾಯಿತು, ಯಾರ ಮಗ್ಗ ನಿಂತಿತು, ಯಾರ ಸೊಸೆ ತವರಿಗೆ ಓಡಿದಳು... ಎಲ್ಲ ವಿಚಾರಿಸಿಕೊಂಡು, ಸೆರಗಿನ ಕೆಳಗೆ ತಂಬಿಗೆ ಹಿಡಿದುಕೊಂಡು ಅವಳು ಹೊಸ್ತಿಲು ತುಳಿಯುವ ಹೊತ್ತಿಗೆ ಬಿಸಿಲು ಅಂಗಳದ ಬಾವಿಗೆ ಬಂದಿರುತ್ತಿತ್ತು. ಒಮ್ಮೊಮ್ಮೆ ಮಧ್ಯಾಹ್ನವೇ ಆಗುತ್ತಿತ್ತು. ಅಷ್ಟರೊಳಗೆ ಅಡುಗೆ ಪೂರಾ ಮುಗಿದಿರಬೇಕು. ಹಿಂದಿನ ಸಂಜೆ ಉಂಡ ಹೆಂಗಸರು ಅಷ್ಟು ಹೊತ್ತು ಒಲೆಯ ಮುಂದೆ.

ಹಾಗಾದರೆ ಅವರ ಹೊಟ್ಟೆಗೆ ಏನು? ಅದಕ್ಕೆ ದೊಡ್ಡವ್ವ ಒಂದು ಉಪಾಯ ಮಾಡಿದ್ದಳು. "ಚಹಾ ಅಂದ್ರ ಊಟ ಅಲ್ಲವಾ. ನೀರಿದ್ದಂಗ" ಎನ್ನುತ್ತಿದ್ದಳು. ಹೊತ್ತು ಹುಟ್ಟುತ್ತಲೇ ದೊಡ್ಡ ಪಾತ್ರೆಯಲ್ಲಿ ಚಹಾಪುಡಿ, ಒಣಶುಂಠಿ, ಕೈತುಂಬ ಬೆಲ್ಲ. ಹಸಿವಾಯಿತೆಂದರೆ ಇನ್ನೊಂದು ಬಟ್ಟಲು. ತಲೆ ತಿರುಗಿತೆಂದರೆ ಇನ್ನೊಂದು. ಬೆಲ್ಲದ ಚಹಾ ಹಸಿವನ್ನು ಕೊಲ್ಲುತ್ತಿತ್ತು, ಕೈಕಾಲು ಓಡುತ್ತಿದ್ದವು, ಮನೆ ನಡೆಯುತ್ತಿತ್ತು. ಯಾವ ಆಚಾರ್ಯರು ಚಹಾವನ್ನು ನೀರು ಎಂದು ಹೇಳಿದ್ದರೋ ನನಗೆ ಗೊತ್ತಿಲ್ಲ. ಅದು ದೊಡ್ಡವ್ವನದೇ ಶಾಸ್ತ್ರ.

ನನ್ನ ಅವ್ವ ಆ ಮನೆಯ ಕಿರಿಯ ಸೊಸೆ. ಗಡಹಿಂಗ್ಲಜದಿಂದ ಬಂದವಳು. ದೊಡ್ಡವ್ವ ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. "ಗಡಹಿಂಗ್ಲಜದಾಕಿ" ಎಂದೇ ಕೂಗು. ನನಗೆ ಬುದ್ಧಿ ಬರುವ ಹೊತ್ತಿಗೆ ಅವ್ವ ಸೊರಗುತ್ತ ಬಂದಿದ್ದಳು. ಎಷ್ಟು ನೀರು ಕುಡಿದರೂ ಬಾಯಿ ಆರುತ್ತಿತ್ತು. ಪದೇಪದೇ ಹಿತ್ತಿಲಿಗೆ ಓಡುತ್ತಿದ್ದಳು. ಬಚ್ಚಲ ಕಲ್ಲಿಗೆ ಇರುವೆ ಮುತ್ತತೊಡಗಿದಾಗ ದೊಡ್ಡವ್ವ ಎಲ್ಲರೆದುರು ನಕ್ಕಳು. "ಬೆಲ್ಲದ ಮನಿಗೆ ಕೊಟ್ಟಾರ ನೋಡ್ರಿ, ಇರವಿ ಬೆನ್ನ ಹತ್ಯಾವ." ಹೆಂಗಸರೆಲ್ಲ ನಕ್ಕರು. ಅವ್ವನೂ ನಕ್ಕಳು. ಅವಳು ನಕ್ಕದ್ದೇ ನನಗೆ ಇವತ್ತಿಗೂ ಸಹಿಸಲಾಗದು.

ಕೊನೆಗೆ ಅಪ್ಪ ಅವಳನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋದರು. ಟಾಂಗಾದಲ್ಲಿ ಹಾತಕಣಂಗಲೆಗೆ, ಅಲ್ಲಿಂದ ರೈಲು. ಅವ್ವನ ಸೆರಗು ಬಿಡದ ನಾನೂ ಹೋಗಿದ್ದೆ. ಡಾಕ್ಟರು ಗಾಜಿನ ನಳಿಗೆಯಲ್ಲಿ ನೀಲಿ ನೀರು ಹಾಕಿ, ಅದರಲ್ಲಿ ಅವ್ವನ ಮೂತ್ರದ ಹನಿ ಬಿಟ್ಟು, ಕೆಳಗೆ ದೀಪ ಹಿಡಿದರು. ನೀಲಿ ನೀರು ನೋಡನೋಡುತ್ತ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ನನಗೆ ಅದು ಜಾದೂ. ಡಾಕ್ಟರ ಮುಖ ಮಾತ್ರ ಗಂಭೀರವಾಯಿತು. ಏನು ತಿನ್ನುತ್ತೀ, ಯಾವಾಗ ತಿನ್ನುತ್ತೀ ಎಂದು ಅವರು ಮರಾಠಿಯಲ್ಲಿ ಕೇಳಿದರು. ಅವ್ವ ಹೇಳಿದಳು. ಹೊತ್ತು ಮುಳುಗುವ ಮುಂಚೆ ಊಟ, ಬೆಳಿಗ್ಗೆ ಬೆಲ್ಲದ ಚಹಾ, ಮಧ್ಯಾಹ್ನ ಹಸಿದು ಹಸಿದು ಹೊಟ್ಟೆ ತುಂಬ ಅನ್ನ.

"ಸಕಾಳಿ ಉಪಾಶಿ ರಾಹಾಯಚ ನಾಹೀ, ಬಾಈ" ಎಂದರು ಡಾಕ್ಟರು. ಬೆಳಿಗ್ಗೆ ಉಪವಾಸ ಇರಲೇಬಾರದು. ಸಂಜೆಯ ನೇಮ ಬಿಡು ಎಂದು ಅವರು ಹೇಳಲಿಲ್ಲ. ಬೆಳಿಗ್ಗೆ ತಡ ಮಾಡಬೇಡ ಎಂದರು, ಅಷ್ಟೇ. ಎದ್ದು ಮೈ ತೊಳೆದ ಕೂಡಲೇ ತಿನ್ನಬೇಕು. ಮೊದಲು ಸೊಪ್ಪಿನ ಪಲ್ಯ, ಕಾಳು. ಅದರ ಹಿಂದೆ ಜೋಳದ ಭಕ್ರಿ, ಸಾವಕಾಶ ಅಗಿದು. ಬೆಲ್ಲ, ಸಕ್ಕರೆ ನಾಲಿಗೆಗೆ ತಾಗಿಸಬಾರದು. ಚಹಾ ಬೇಕೇಬೇಕೆಂದರೆ ತಿಂದ ಮೇಲೆ, ಸಪ್ಪಗೆ. ಬೆಲ್ಲದ ನೀರು ಕುಡಿದು ಹಸಿದು ಕುಳಿತು, ಆಮೇಲೆ ಒಮ್ಮೆಲೆ ಅನ್ನ ಸುರಿದರೆ ರಕ್ತದಲ್ಲಿ ಸಕ್ಕರೆ ಏರಿ ಕುಣಿಯುತ್ತದೆ, ಅದನ್ನು ಒಂದೇ ಸಮನಾಗಿ ಇಟ್ಟುಕೊಂಡರೆ ನೀನು ಬಹಳ ಕಾಲ ಬದುಕುತ್ತೀ ಎಂದರು. ಇಲ್ಲದಿದ್ದರೆ ಕಣ್ಣು, ಕಾಲು... ಮುಂದಿನದನ್ನು ಅವರು ಅಪ್ಪನಿಗೆ ಹೊರಗೆ ಕರೆದು ಹೇಳಿದರು.

ಅವ್ವನ ಜೀವ ಉಳಿಯಲು ಬೇಕಾದದ್ದು ಇಷ್ಟೇ. ಬೆಳಗಿನ ಒಂದು ಭಕ್ರಿ.

ಮನೆಗೆ ಬಂದ ಮರುದಿನ ಅಪ್ಪ ದೊಡ್ಡವ್ವನ ಎದುರು ನಿಂತರು. ಅಂಗಡಿಯಲ್ಲಿ ಗಟ್ಟಿ ಗಂಟಲಿನ ಮನುಷ್ಯ. ಅವಳ ಮುಂದೆ ಮಾತ್ರ ದನಿ ಇಳಿಯುತ್ತಿತ್ತು. "ವೈನಿ, ಡಾಕ್ಟರ್ ಹಿಂಗ ಹೇಳ್ಯಾರ. ನಾ ಬಸದಿಗೆ ಹೋಗಿ ಬರೂ ಮುಂದ ಗಂಧೋದಕ ತಂದಬಿಡ್ತೇನಿ. ನಿಮಗೂ ತ್ರಾಸ ತಪ್ಪತೈತಿ."

ದೊಡ್ಡವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಈ ಮನ್ಯಾಗ ಗಂಧೋದಕ ಹಿರೇಸೊಸಿ ಕೈಲೇ ಬರೂದು. ನಮ್ಮತ್ತಿ ತರ್ತಿದ್ರು, ನಾ ಕಾಯ್ತಿದ್ದೆ. ಈಗ ನಾ ತರ್ತೇನಿ. ನಾ ಏನ ಸತ್ತೇನೇನು, ನೀವು ತರಾಕ?"

"ಹಂಗಲ್ರೀ ವೈನಿ, ಆಕಿಗೆ ಬ್ಯಾನಿ..."

"ಚಹಾ ಇಲ್ಲೇನು? ಮತ್ತ ಏನ ಬೇಕು? ಇವತ್ತ ಈಕಿ ಮದ್ಲ ಉಂಡ್ರ ನಾಳಿ ಎಲ್ಲಾರೂ ಉಣ್ತಾರ."

ಮಚ್ಚೆ ಅದುರಿತು. ಅಪ್ಪ ಟೋಪಿ ಹಾಕಿಕೊಂಡು ಅಂಗಡಿಗೆ ಹೋದರು. ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ಅವರು ಆಮೇಲೆ ಬಹಳ ಅತ್ತರು. ಅತ್ತವರ ಮೇಲೆ ಸಿಟ್ಟು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ದೊಡ್ಡವ್ವ ಅಳಲಿಲ್ಲ. ಅವಳೂ ಸೊಸೆಯಾಗಿದ್ದಾಗ ಹಾಗೆಯೇ ಕಾದವಳು, ಅದನ್ನೂ ತಿಳಿಯಬೇಕು ಎಂದು ಕೆಲವರು ಹೇಳುತ್ತಾರೆ. ತಿಳಿಯುತ್ತದೆ. ಹಸಿವು ಹೇಗಿರುತ್ತದೆಂದು ಗೊತ್ತಿದ್ದೇ ಇನ್ನೊಬ್ಬಳನ್ನು ಹಸಿದಿಟ್ಟಳು. ಅದಕ್ಕೆ ನಾನು ಕನಿಕರ ಪಡಬೇಕೇ?

ಆ ವರ್ಷ ಪಂಚಮಿಗೆ ಅವ್ವ ತವರಿಗೆ ಹೋದಳು, ನಾನೂ ಜೊತೆಗೆ. ಗಡಹಿಂಗ್ಲಜದಲ್ಲಿ ಅಜ್ಜನ ಮನೆಯೂ ಜೈನರದೇ, ಅಲ್ಲಿಯೂ ಅದೇ ಗಂಧೋದಕ, ಅದೇ ನೇಮ. ಮಗಳ ಕಾಯಿಲೆಯ ವಿಷಯ ಅಜ್ಜನ ಕಿವಿಗೆ ಬಿತ್ತು. ಮರುದಿನ ಬೆಳಕು ಹರಿಯುವ ಮೊದಲೇ ಮಿಂದು ಬಸದಿಯ ಬಾಗಿಲಲ್ಲಿ ಕುಳಿತರು. ಮೊದಲ ಅಭಿಷೇಕ ಆಗುತ್ತಲೇ ತಂಬಿಗೆ ಹಿಡಿದು, ದಾರಿಯಲ್ಲಿ ಮಾತಾಡಿಸಿದವರಿಗೆ ಕೈ ಮಾತ್ರ ಎತ್ತಿ, ದಡದಡ ಮನೆಗೆ ಬಂದರು. "ತಗೋ ಮಗಳ, ಹಚಗೋ, ಉಣ್ಣಾಕ ಕುಂದ್ರು." ಅವರು ಏದುಸಿರು ಬಿಡುತ್ತಿದ್ದರು. ನೇಮವೂ ಉಳಿಯಿತು, ಮಗಳ ಹೊಟ್ಟೆಗೂ ಬಿತ್ತು. ಅಷ್ಟು ಸರಳವಿತ್ತು ಅದು.

ಅಜ್ಜಿ ಆಗಲೇ ಭಕ್ರಿ ಬಡಿಯುತ್ತಿರುತ್ತಿದ್ದಳು. ಮೆಂತ್ಯದ ಪಲ್ಯ, ಹೆಸರುಕಾಳಿನ ಉಸಳಿ, ಗುರೆಳ್ಳು ಚಟ್ನಿ. ಕಾಳಿನ ಜೊತೆ ಹಸಿ ಮೊಸರು ಮಜ್ಜಿಗೆ ನಮ್ಮಲ್ಲಿ ನಿಷಿದ್ಧ; ಹಾಗಾಗಿ ಕಾಳಿಲ್ಲದ ದಿನ ಗಟ್ಟಿ ಮಜ್ಜಿಗೆ. ಅವ್ವ ಡಾಕ್ಟರು ಹೇಳಿದಂತೆ ಮೊದಲು ಪಲ್ಯ ತಿಂದು, ಕಾಳು ತಿಂದು, ಆಮೇಲೆ ಬಿಸಿ ಭಕ್ರಿಯನ್ನು ಚೂರು ಚೂರಾಗಿ ಮುರಿಯುತ್ತಿದ್ದಳು. ಅವಳು ಕುಳಿತು ತಿನ್ನುವುದನ್ನು ನಾನು ಅಲ್ಲಿಯೇ ಮೊದಲ ಸಲ ಕಂಡದ್ದು. ಕೆಲವೇ ದಿನಗಳಲ್ಲಿ ಬಾಯಾರಿಕೆ ತಗ್ಗಿತು. ಮುಖಕ್ಕೆ ಬಣ್ಣ ಬಂತು. ಜೋಕಾಲಿಯ ಹಗ್ಗ ಹಿಡಿದು ನಿಂತು ನನ್ನನ್ನು ಜೀಕಿ ಜೀಕಿ ನಗಿಸಿದಳು. ಇನ್ನಷ್ಟು ದಿನ ಇರಲಿ ಎಂದು ಅಜ್ಜ ಹೇಳಿ ಕಳಿಸಿದರು. ಇಚಲಕರಂಜಿಯಿಂದ ಚಕ್ಕಡಿಯೇ ಬಂತು. ಮನೆಯಲ್ಲಿ ಕೈ ಕಡಿಮೆ ಬಿದ್ದಿವೆ, ಕೂಡಲೇ ಕಳಿಸಬೇಕು ಎಂದು ದೊಡ್ಡವ್ವನ ಹೇಳಿಕೆ.

ಮತ್ತೆ ಅದೇ ಒಲೆ, ಅದೇ ಚಹಾ. ಬೆಲ್ಲ ಹಾಕದ ಚಹಾ ಕೇಳಿದರೆ, ಒಬ್ಬರಿಗಾಗಿ ಬೇರೆ ಪಾತ್ರೆ ಇಡಲು ಇದು ಖಾನಾವಳಿಯಲ್ಲ ಎಂಬ ಉತ್ತರ. ಅವ್ವ ಚಹಾ ಬಿಟ್ಟಳು. ಆಗ ಪೂರಾ ಉಪವಾಸ. ಮಧ್ಯಾಹ್ನ ಉಳಿದ ಅನ್ನವೇ ಗತಿ.

ಒಂದು ದಿನ ನಾನು ನನ್ನ ಪಾಲಿನ ಭಕ್ರಿಯಲ್ಲಿ ಅರ್ಧ ಮುರಿದು, ಪಲ್ಯ ಇಟ್ಟು ಮಡಚಿ, ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವ್ವನ ಬಾಯಿಗೆ ಹಿಡಿದೆ. ಬೇಡ ಎಂದಳು. ಮತ್ತೆ ಹಿಡಿದೆ. ಅವಳ ಕಣ್ಣು ಕತ್ತಲೆಗಟ್ಟುತ್ತಿತ್ತೇನೋ, ಒಂದು ತುತ್ತು ಕಚ್ಚಿದಳು. ಅದೇ ಹೊತ್ತಿಗೆ ಕೀಲಿಗೊಂಚಲು ಕೇಳಿತು. ಎಂದೂ ಬೇಗ ಬರದವಳು ಅಂದು ಬೇಗ ಬಂದಿದ್ದಳು. ಅವ್ವನ ಗಲ್ಲ ಉಬ್ಬಿದ್ದು ಕಂಡು, ತಂಬಿಗೆ ಕೆಳಗಿಟ್ಟು, ದನಿ ಏರಿಸದೆ ಹೇಳಿದಳು. "ಹಿಂಗ ಎಂಜಲ ಬಾಯೀಲೇ ಒಲಿ ಮುಟ್ಟಿರಬೇಕು ನೀ. ಆ ಅಡಗಿ ದೇವರ ಮನ್ಯಾಗಿಂದ ಬಂದವ್ರು ಉಣಬೇಕೇನು?"

ಮಾಡಿದ ಅಡುಗೆಯನ್ನೆಲ್ಲ ದನಗಳ ಬಾನಿಗೆ ಹಾಕಿಸಿದಳು. ಅವ್ವ ಬಾವಿಯ ತಣ್ಣೀರು ಸುರಿದುಕೊಂಡು, ಒಲೆ ಸಾರಿಸಿ, ಇಡೀ ಮನೆಯ ಅಡುಗೆಯನ್ನು ಮೊದಲಿನಿಂದ ಮಾಡಿದಳು. ಹಸಿದ ಉಳಿದ ಹೆಂಗಸರು ದೊಡ್ಡವ್ವನನ್ನು ಬೈಯಲಿಲ್ಲ, ಅವ್ವನನ್ನು ಬೈದರು. ಅಂದಿನಿಂದ ನಾನು ಎಷ್ಟು ಅತ್ತರೂ ಅವ್ವ ನನ್ನ ಕೈಯಿಂದ ತುತ್ತು ತೆಗೆದುಕೊಳ್ಳಲಿಲ್ಲ. "ಬ್ಯಾಡವಾ, ನನಗ ಹಸಿವಿಲ್ಲ" ಎನ್ನುತ್ತಿದ್ದಳು. ಆ ಸುಳ್ಳನ್ನು ಅವಳಿಗೆ ಕಲಿಸಿದವಳು ಯಾರು?

ಮುಂದಿನದು ಬೇಗ ನಡೆಯಿತು. ಒಲೆಯಿಂದ ಒಂದು ಕೆಂಡ ಅವ್ವನ ಕಾಲ ಬೆರಳ ಮೇಲೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ. ಚರ್ಮ ಸುಟ್ಟ ವಾಸನೆ ನನಗೆ ಬಂದು, ನಾನು ಕೂಗಿದ ಮೇಲೆ ಅವಳು ಕೆಳಗೆ ನೋಡಿದಳು. ಕಾಲು ತನ್ನದಲ್ಲವೇನೋ ಎಂಬಂತೆ ನೋಡಿದಳು. ಆ ಗಾಯ ಮಾಯಲೇ ಇಲ್ಲ. ಅರಿಶಿನ ಹಚ್ಚಿದರು, ಎಣ್ಣೆ ಹಚ್ಚಿದರು, ಬೆರಳು ಕಪ್ಪಾಯಿತು, ಕಪ್ಪು ಮೇಲೆ ಮೇಲೆ ಏರಿತು. ಕೊಲ್ಹಾಪುರದ ದವಾಖಾನೆಗೆ ಒಯ್ದಾಗ ಅದೇ ಡಾಕ್ಟರು ಅಪ್ಪನನ್ನು ಒಂದೇ ಒಂದು ಮಾತು ಕೇಳಿದರಂತೆ, ಬೆಳಿಗ್ಗೆ ತಿನ್ನುತ್ತಿದ್ದಳೋ ಇಲ್ಲವೋ ಎಂದು. ಅಪ್ಪ ಗೋಡೆಗೆ ಮುಖ ಮಾಡಿ ನಿಂತರಂತೆ. ಅವ್ವ ದವಾಖಾನೆಯಿಂದ ಮನೆಗೆ ಬರಲಿಲ್ಲ.

ಆಮೇಲೆ ನನ್ನನ್ನು ಸಾಕಿದವಳು ದೊಡ್ಡವ್ವನೇ. ತಲೆ ಬಾಚಿದಳು, ಹಣೆಯ ಚರ್ಮ ಮೇಲೆ ಎಳೆಯುವಷ್ಟು ಬಿಗಿಯಾಗಿ ಜಡೆ ಹೆಣೆದಳು, ಹಬ್ಬಕ್ಕೆ ಸೀರೆ ಕೊಡಿಸಿದಳು, ಕೊಲ್ಹಾಪುರಕ್ಕೆ ಕೊಟ್ಟು ಮದುವೆ ಮಾಡಿದಳು. ಓಣಿಯವರೆಲ್ಲ ಹೊಗಳಿದರು. ತಾಯಿಲ್ಲದ ಕೂಸನ್ನು ಹೊಟ್ಟೆಯ ಮಗಳ ಹಾಗೆ ನೋಡಿಕೊಂಡಳು ಎಂದರು. ಅವಳ ಕೈಯ ಕರ್ಪೂರದ ವಾಸನೆ, ಉಗುರಿನ ಸಂದಿಯ ಕುಂಕುಮ, ನಕ್ಕರೆ ಕಾಣುವ ಮುರಿದ ಹಲ್ಲು, ಎಲ್ಲವೂ ನನಗೆ ಬಾಯಿಪಾಠ. ಕೂಸು ತಾಯಿಲ್ಲದ್ದು ಹೇಗಾಯಿತೆಂದು ಮಾತ್ರ ಯಾರೂ ಕೇಳಲಿಲ್ಲ.

ಸ್ವಾತಂತ್ರ್ಯ ಬಂದ ಹೊಸದು. ಮಗುವನ್ನು ಎತ್ತಿಕೊಂಡು ಇಚಲಕರಂಜಿಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದರೆ, ಒಲೆಯ ಪಕ್ಕ ಮಣೆ ಹಾಕಿಕೊಂಡು ದೊಡ್ಡವ್ವ ಉಣ್ಣುತ್ತಿದ್ದಳು. ಹೊರಗೆ ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ತಾಟಿನಲ್ಲಿ ಮೆಂತ್ಯದ ಪಲ್ಯ, ಕಾಳು. ಅವಳ ಸೊಸೆ ಹೆಂಚಿನಿಂದ ಬಿಸಿ ಭಕ್ರಿ ತೆಗೆದು ಹಾಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ.

"ಬಾ, ಕುಂದ್ರು" ಎಂದಳು. "ನನಗೂ ಸಕ್ರಿ ಬ್ಯಾನಿ ಅಂತ. ಬರೇ ಹೊಟ್ಟೀಲೆ ಇರಬಾರದಂತ ಡಾಕ್ಟರ್ ಹೇಳ್ಯಾರ. ಮದ್ಲ ಪಲ್ಯಾ, ಆಮ್ಯಾಲೆ ಭಕ್ರಿ. ಮೈ ಭಾಳ ಹಗರ ಆಗೇತಿ ನೋಡ."

"ಗಂಧೋದಕ ಬಂತೇನ್ರಿ?"

"ಸೊಸಿ ಓಡಿ ಹೋಗಿ ತಂದಾಳ. ಹಿಂಗ ಹೋಗಿ ಹಂಗ ಬರ್ತಾಳ. ಎಷ್ಟ ದೂರ ಐತಿ?"

"ನಮ್ಮವ್ವಗೂ ಡಾಕ್ಟರ್ ಇದನ್ನ ಹೇಳಿದ್ರು, ದೊಡ್ಡವ್ವ."

ಅವಳು ಬಾಯಲ್ಲಿದ್ದ ತುತ್ತನ್ನು ಪೂರಾ ಅಗಿದು ನುಂಗಿದಳು. ಸಿಟ್ಟಿಲ್ಲ, ನಾಚಿಕೆಯಿಲ್ಲ. "ಹೇಳಿದ್ರು, ಖರೇ" ಎಂದಳು. "ಆಕಿ ತಡಕೋತಿದ್ಲವಾ. ನನಗ ಹಸಿವಿ ತಡಿಯೂದಿಲ್ಲ." ಮತ್ತೆ ಸೊಸೆಯ ಕಡೆ ತಿರುಗಿ ಇನ್ನರ್ಧ ಭಕ್ರಿ ಹಾಕಲು ಹೇಳಿದಳು.

ಮಗುವನ್ನು ಎತ್ತಿಕೊಂಡು ಅಂದೇ ಕೊಲ್ಹಾಪುರಕ್ಕೆ ಬಂದುಬಿಟ್ಟೆ. ಆ ಮನೆಯಲ್ಲಿ ಮತ್ತೆ ನೀರು ಕುಡಿಯಲಿಲ್ಲ. ಆ ಬೆಳಗಿನ ಊಟ ಅವಳಿಗೆ ಚೆನ್ನಾಗಿ ಒಗ್ಗಿತು. ಕಣ್ಣು ಕೊನೆಯವರೆಗೂ ಚುರುಕಾಗಿದ್ದವು, ಕಾಲು ಗಟ್ಟಿ. ಮೊಮ್ಮಕ್ಕಳ ಮದುವೆ ಮಾಡಿಸಿ, ಮರಿಮಕ್ಕಳನ್ನು ಎತ್ತಿ ಆಡಿಸಿ, ಮುಪ್ಪಿನಿಂದ ಸತ್ತಳು. ಕೊಲ್ಹಾಪುರದ ಡಾಕ್ಟರು ಹೇಳಿದ್ದು ಅಷ್ಟು ನಿಜ ಎಂದು ಅವಳೇ ಬದುಕಿ ತೋರಿಸಿಬಿಟ್ಟಳು. ಅವಳು ಬದುಕಿದ ಒಂದೊಂದು ವರ್ಷವೂ ನನಗೆ ಅವ್ವನ ವರ್ಷವೇ. ಸತ್ತ ಸುದ್ದಿ ಬಂದಾಗ ನಾನು ಹೋಗಲಿಲ್ಲ.

ಇಚಲಕರಂಜಿಯ ಮನೆಯ ಪಡಸಾಲೆಯಲ್ಲಿ ಅವಳ ದೊಡ್ಡ ಫೋಟೋ ಇದೆಯಂತೆ, ದಿನಾ ಹೂ ಹಾಕುತ್ತಾರಂತೆ. ಅವ್ವನ ಫೋಟೋ ತೆಗೆಸಿದವರಿಲ್ಲ. ಅಜ್ಜ, ಅಜ್ಜಿ, ಅಪ್ಪ, ಅವಳನ್ನು ಕಂಡವರು ಯಾರೂ ಈಗ ಇಲ್ಲ. ಅವಳ ಬಗ್ಗೆ ನಾಲ್ಕು ಸಾಲು ಬರೆದಿಡೋಣ, ನನ್ನ ಹಿಂದೆ ಅದಾದರೂ ಇರಲಿ ಎಂದು ಈ ಹಾಳೆ ಹಿಡಿದು ಕುಳಿತೆ. ಬರೆದದ್ದೆಲ್ಲ ಇನ್ನೊಬ್ಬಳ ಮೂಗುಬೊಟ್ಟು, ಇನ್ನೊಬ್ಬಳ ಮಚ್ಚೆ. ಕಣ್ಣು ಮುಚ್ಚಿದರೆ ಒಲೆಯ ಮುಂದೆ ಕುಳಿತ ಅವ್ವನ ಬೆನ್ನು ಕಾಣುತ್ತದೆ. ಸಣ್ಣ ಬೆನ್ನು, ಹಸಿರು ಇಳಕಲ್ ಸೀರೆ, ಸಡಿಲಾದ ತುರುಬು... ಒಂದು ಸಲ ಈ ಕಡೆ ತಿರುಗು ಅವ್ವಾ ಎನ್ನುತ್ತೇನೆ. ಅವಳು ತಿರುಗುತ್ತಾಳೆ. ಆ ಮುಖ ದೊಡ್ಡವ್ವನದು.